ಆಯುಧಪೂಜೆಗೆ ತೊಳೆದ ಡ್ರಮ್ಮು

ವಿಜಯನಗರ, ಬೆಂಗಳೂರು
14 ಸೆಪ್ಟೆಂಬರ್ 2003, ಭಾನುವಾರ

ಶಿಲ್ಪಕ್ಕನಿಗೆ,

ಕುಬಸ ಮುಗಿಸಿಕೊಂಡು ಹೆರಿಗೆಗೆ ಅಂತ ಹರಿಹರಕ್ಕೆ ಹೊರಟಾಗ, ಬಸ್ಸಿನ ಕಿಟಕಿಯಿಂದ ತಲೆ ಹಾಕಿ ಕೂಗಿದ್ಯಲ್ಲ, "ವಾರಕ್ಕೊಂದ್ಸಲ ನಿಮ್ಮ ಭಾವನ್ನ ನೋಡ್ಕೊಂಡು ಬಂದು ನಂಗೆ ಬರಿ" ಅಂತ? ಬರೀತಾ ಇದೀನಿ ನೋಡು. ಮಠದ ಹಾಸ್ಟೆಲ್‌ನಲ್ಲಿ ಭಾನುವಾರ ಮನೆಗೆ ಪತ್ರ ಬರೆದು ವಾರ್ಡನ್‌ಗೆ ತೋರಿಸಿದ ಮೇಲೇ ತಿಂಡಿ ಕೊಡ್ತಿದ್ದದ್ದು. ಇಲ್ಲಿ ಯಾರೂ ಕೇಳಲ್ಲ. ಆದರೂ ಬರೆಯದೆ ಇದ್ದರೆ ಇಡ್ಲಿ ಗಂಟಲಲ್ಲೇ ನಿಲ್ಲುತ್ತೆ.

ಕಾಲೇಜ್ ಬಗ್ಗೆ ಏನಂತ ಹೇಳಲಿ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಎಲ್ಲ ಇಂಗ್ಲಿಷ್. ಸಾರ್ ಏನಾದರೂ ಕೇಳಿದರೆ ಉತ್ತರ ನನಗೆ ಕನ್ನಡದಲ್ಲಿ ಬರುತ್ತೆ, ಅದನ್ನ ಇಂಗ್ಲಿಷ್ ಮಾಡೋಷ್ಟರಲ್ಲಿ ಪಕ್ಕದವನು ಹೇಳಿಬಿಟ್ಟಿರ್ತಾನೆ. ಸುಮ್ಮನೆ ನಿಂತಿರ್ತೀನಿ. ದಡ್ಡ ಅಂದುಕೊಂಡಿದಾರೆ. ನಿಜ ಇರಬಹುದು.

ಭಾವ ಚೆನ್ನಾಗಿದಾರೆ. ನಿನ್ನೆ ಕಾಮಾಕ್ಷಿಪಾಳ್ಯದ ಅವರ ಫ್ಯಾಕ್ಟರಿಗೇ ಹೋಗಿದ್ದೆ. ಫ್ಯಾಕ್ಟರಿ ಅಂದ್ರೆ ನಾನು ಚಿಮಣಿಗಿಮಣಿ ಅಂದುಕೊಂಡಿದ್ದೆ. ಶೀಟಿನ ಒಂದು ಶೆಡ್ಡು, ಐದಾರು ಜನ, ಅಷ್ಟೇ. ಕಲ್ಲಿಗೆ, ಇಟ್ಟಿಗೆಗೆ ಹಚ್ಚೋ ದ್ರಾವಣ ಮಾಡ್ತಾರೆ. ಹಚ್ಚಿದ ಮೇಲೆ ಗೋಡೆ ನೀರು ಕುಡಿಯಲ್ಲವಂತೆ, ಮುತ್ತಿನ ಹಾಗೆ ಜಾರಿ ಹೋಗುತ್ತಂತೆ. ಅದಕ್ಕೆ ಹಾಕೋ ಮುಖ್ಯ ಸಾಮಾನಿಗೆ ಸಿಲೇನ್ ಅಂತಾರೆ. ನೋಡೋಕೆ ಥೇಟ್ ನೀರು. ಆದರೆ ಮುಚ್ಚಳ ತೆಗೆದರೆ ಬಿಳಿ ಹೊಗೆ, ಮೂಗಿನೊಳಗೆ ಮೆಣಸಿನಕಾಯಿ ಹುರಿದ ಹಾಗೆ. ಗಾಳಿಯಲ್ಲಿರೋ ಪಸೆ ತಾಗಿದರೂ ಸಾಕಂತೆ, ಆ್ಯಸಿಡ್ ಆಗುತ್ತಂತೆ. "ಇದಕ್ಕೆ ನೀರು ತೋರಿಸಬಾರದು ಕಣೋ ದುಂಡೇಶ, ಅದೊಂದೇ ಇಲ್ಲಿ ರೂಲು" ಅಂದ್ರು ಭಾವ. ನೀರನ್ನ ಓಡಿಸೋ ಸಾಮಾನಿಗೆ ನೀರು ಕಂಡರೇ ಆಗಲ್ಲ! ನಾನು ನಕ್ಕೆ. ಭಾವನೂ ನಕ್ಕರು.

ರಾತ್ರಿ ಊಟಕ್ಕೆ ಅನ್ನ, ಸಾರು ಅಷ್ಟೇ ಮಾಡ್ಕೋತಾರೆ. ನೀನಿಲ್ಲದೆ ದೀಪಾಂಜಲಿ ನಗರದ ಮನೆ ಬಿಕೋ ಅನ್ನುತ್ತೆ ಅಂತ ಅವರೇನೂ ಹೇಳಲಿಲ್ಲ. ಟಿವಿ ಮಾತ್ರ ಜೋರಾಗಿ ಇಟ್ಟುಕೊಂಡಿದ್ದರು.

ನಿನ್ನ ತಮ್ಮ,
ದುಂಡೇಶ


ಹರಿಹರ
22-9-2003

ದುಂಡೇಶಾ,

ನಿನ್ನ ಪತ್ರ ಬಂತು. ದಡ್ಡ ಗಿಡ್ಡ ಅಂತೆಲ್ಲ ಬರೀಬ್ಯಾಡ, ಅವ್ವ ಓದಿಸ್ಕೊಂಡು ಅಳ್ತಾಳ.

ನಾನು ಆರಾಮ ಇದೀನಿ. ಕಾಲು ಬಾವು ಬರ್ತಾವು, ಅದು ಬಿಟ್ರೆ ಏನಿಲ್ಲ. ಈಗ ಒಂದು ಮುಖ್ಯದ ಮಾತು. ಆಯುಧಪೂಜೆ ಹತ್ತಿರ ಬಂತು. ಫ್ಯಾಕ್ಟರಿಯಾಗ ಪ್ರತಿ ವರ್ಷ ಕುಂಬಳಕಾಯಿ ಒಡೆಯೋರು ನಿಮ್ಮ ಭಾವನೇ. ಈ ವರ್ಷ ಒಡೀಬಾರದು. ಹೆಂಡ್ತಿ ಬಸುರಿ ಇದ್ದಾಗ ಗಂಡ ಆದೋನು ತೆಂಗಿನಕಾಯಿ ಸೈತ ಒಡೆಯಂಗಿಲ್ಲ, ಕುಂಬಳಕಾಯಿನಂತೂ ಮುಟ್ಟಂಗಿಲ್ಲ. ಫೋನಿನಾಗ ಹೇಳಿದ್ರ ಹೂಂ ಹೂಂ ಅಂತಾರ, ಆ ಹೂಂ ನನಗ ಗೊತ್ತು. ಅಲ್ಲಿ ಹುಡುಗರು "ಅಣ್ಣಾ ನೀನೇ ಒಡಿ" ಅಂತ ಅಂದ್ರ ಪಂಚೆ ಎತ್ತಿ ಕಟ್ಟಿ ನಿಂತುಬಿಡ್ತಾರ.

ಅದಕ್ಕ ನೀನೇ ಹೋಗಿ ಓನರ್ ಜಗನ್ನಾಥ್ ಸಾರ್‌ಗೆ ಹೇಳು. ಅವತ್ತೊಂದಿನ ನಮ್ಮ ಭಾವಗ ಬ್ಯಾರೆ ಏನಾರ ಕೆಲಸ ಕೊಡ್ರಿ ಅಂತ ಹೇಳು. ನಾಚಿಕೊಂಡು ಬಾಯಿ ಮುಚ್ಚಿಕೊಂಡು ಬರಬ್ಯಾಡ.

ನಿನ್ನ ಅಕ್ಕ


ವಿಜಯನಗರ
6 ಅಕ್ಟೋಬರ್ 2003

ಮಚ್ಚಾ ಅರುಣ,

ನೀನು ಧಾರವಾಡದಲ್ಲಿ ಫಾರ್ಮಸಿ ಓದ್ತಾ ಇರೋದು ಇವತ್ತು ಉಪಯೋಗಕ್ಕೆ ಬರಬೇಕು. ಹಾಸ್ಟೆಲ್‌ನಲ್ಲಿ ನನ್ನ ಹೋಂವರ್ಕ್ ಎಲ್ಲಾ ಕಾಪಿ ಹೊಡೆದಿದೀಯ, ಅದರ ಋಣ ತೀರಿಸು.

ನಮ್ಮ ಭಾವ ಸಿದ್ದಲಿಂಗೇಶ್ ಗೊತ್ತಲ್ಲ, ಅಕ್ಕನ ಮದುವೆಯಲ್ಲಿ ನಿನಗೆ ಎರಡನೇ ಸಲ ಹೋಳಿಗೆ ಬಡಿಸಿದವರು. ಅವರ ಎರಡೂ ಕಣ್ಣಿಗೆ ಬ್ಯಾಂಡೇಜ್ ಹಾಕಿದಾರೆ.

ಶನಿವಾರ ಅವರ ಫ್ಯಾಕ್ಟರಿಯಲ್ಲಿ ಆಯುಧಪೂಜೆ. ನಾನೂ ಹೋಗಿದ್ದೆ. ಅಕ್ಕ ಬಸುರಿ ಅಂತ ಭಾವ ಕುಂಬಳಕಾಯಿ ಒಡೆಯೋ ಹಾಗಿಲ್ಲ ಅಂತ ನಾನೇ ಓನರ್‌ಗೆ ಹೇಳಿದ್ದೆ. ಆ ಯಪ್ಪ ಜಗನ್ನಾಥ್ ನಕ್ಕು, "ಸರಿ ಬಿಡಪ್ಪ, ಅಮೀನಪ್ಪ ಒಡೀತಾನೆ. ಅವನು ಮಾಡ್ತಿದ್ದ ತೊಳೆಯೋ ಕೆಲಸ ನಿಮ್ಮ ಭಾವ ಮಾಡ್ಲಿ" ಅಂದರು. ಭಾವನ ಜೊತೆ ಕೆಲಸ ಮಾಡೋ ಅಮೀನಪ್ಪಣ್ಣ ಪ್ರತಿ ವರ್ಷ ಮಿಕ್ಸರ್, ಮೋಟರ್, ಗಾಡಿ ಒರೆಸಿ, ಹಿಂದೆ ಜೋಡಿಸಿರೋ ಖಾಲಿ ಡ್ರಮ್ಮಿನ ಮೈಮೇಲೆ ಎರಡು ಚೆಂಬು ನೀರು ಎರಚಿ ಮುಗಿಸೋರಂತೆ. ನಮ್ಮ ಭಾವನ ಕೈ ನಿನಗೆ ಗೊತ್ತಿಲ್ಲ. ಅವರು ಟೀ ಲೋಟನೂ ಒಳಗೆ ಬೆರಳು ಹಾಕಿ ತೊಳೆಯೋರು. "ಮೇಲೆ ವಿಭೂತಿ ಬಳಿದು ಒಳಗೆ ಗಲೀಜು ಇಟ್ರೆ ಅದೆಂಥ ಪೂಜೆ?" ಅಂತ ಡ್ರಮ್ಮಿನ ಮುಚ್ಚಳ ತಿರುಗಿಸಿ ತೆಗೆದು, ನೀರಿನ ಪೈಪ್ ಒಳಗೆ ಬಿಟ್ಟು, ಬಗ್ಗಿ ನೋಡಿದರು.

ಸಿಲೇನ್ ಡ್ರಮ್ ಮಗಾ ಅದು. ಖಾಲಿ ಅಂದ್ರೆ ಖಾಲಿ ಅಂತಾನೇ ಎಲ್ಲರೂ ಅಂದುಕೊಂಡಿದ್ದು. ತಳದಲ್ಲಿ ಒಂದಿಷ್ಟು ಉಳಿದಿತ್ತು ಅಂತ ಕಾಣುತ್ತೆ. ಬುಸ್ ಅಂತ ಒಂದು ಸದ್ದು. ಪೈಪು ಹಾವಿನ ಹಾಗೆ ಹೊರಗೆ ಹಾರಿತು, ಅದರ ಹಿಂದೇನೇ ಬಿಳಿ ಹೊಗೆ, ನೀರು, ಆ್ಯಸಿಡ್ ಎಲ್ಲ ಸೇರಿ ನೇರ ಅವರ ಮುಖಕ್ಕೆ. ನಾನು ಬಾಳೆಕಂದು ಕಟ್ಟುತ್ತಾ ಗೇಟಲ್ಲಿದ್ದೆ.

ಅಡುಗೆ, ಕಸ ನೋಡ್ಕೊಳ್ಳೋ ಮುನಿತಾಯಮ್ಮ ಬಿಂದಿಗೆ ಎತ್ಕೊಂಡು ಓಡಿ ಬಂದರು. ಜಗನ್ನಾಥ್ ಅಡ್ಡ ನಿಂತು ಕಿರುಚಿದರು.

"ಏ, ನೀರು ಹಾಕ್ಬೇಡಮ್ಮ! ನೀರಿಂದಾನೇ ಆಗಿದ್ದು!"

"ಅಯ್ಯೋ ಸ್ವಾಮಿ, ಕಣ್ಣು ಉರೀತದೆ ಅಂತ ಬಡ್ಕೊತಾವ್ನಲ್ಲ!"

"ಇನ್ನೂ ಉರಿಯುತ್ತೆ, ಸುಮ್ನಿರು! ಒಣಬಟ್ಟೆ ತನ್ನಿ, ಒಣಬಟ್ಟೆ!"

ಆಯಮ್ಮ ಬಿಂದಿಗೆ ಕೆಳಗಿಟ್ಟರು. ನಾವೆಲ್ಲ ಒಣಬಟ್ಟೆಯಲ್ಲಿ ಒರೆಸಿದೆವು. ಭಾವನೂ ಕಣ್ಣು ಮುಚ್ಕೊಂಡೇ "ನೀರು ಬೇಡ, ನೀರು ಬೇಡ" ಅಂತಿದ್ದರು, ಪಾಪ. ಅದೇ ಅಲ್ವಾ ಅಲ್ಲಿಯ ರೂಲು?

ಆಟೋ ಸಿಕ್ತು, ಆದರೆ ಮಾಗಡಿ ರೋಡ್ ತುಂಬ ಹೂವು ಹಾಕಿದ ಲಾರಿ, ಒಡೆದ ಕುಂಬಳಕಾಯಿ, ನಿಂಬೆಹಣ್ಣು. ಹೋಗ್ತಾನೇ ಇಲ್ಲ. ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ನೀರಲ್ಲಿ ತೊಳೆದ್ರಿ?" ಜಗನ್ನಾಥ್ ಧೈರ್ಯವಾಗಿ, "ಒಂದು ಹನಿನೂ ಹಾಕಿಲ್ಲ ಸಾರ್, ಇದಕ್ಕೆ ನೀರು ಆಗಲ್ಲ" ಅಂದರು. ಡಾಕ್ಟರ್ ಅವರ ಮುಖಾನೇ ನೋಡಿ ಏನೋ ಬೈಯೋಕೆ ಹೋಗಿ, ಬಿಟ್ಟು, ಭಾವನ್ನ ಒಳಗೆ ಎಳ್ಕೊಂಡು ಹೋಗಿ ತೊಳೆಯೋಕೆ ಶುರು ಮಾಡಿದರು. ತೊಳೆದರು, ತೊಳೆದರು, ನಿಲ್ಲಿಸಲೇ ಇಲ್ಲ.

ನನಗೆ ತಲೆ ಕೆಟ್ಟುಹೋಗಿದೆ. ನೀರು ಹಾಕಿದ್ದಕ್ಕೆ ಕಣ್ಣು ಹೋಯ್ತಾ, ಹಾಕದೇ ಇದ್ದದ್ದಕ್ಕಾ? ನಿನ್ನೆ ಫ್ಯಾಕ್ಟರಿಗೆ ಹೋಗಿ ಆ ಡ್ರಮ್ ಜೊತೆ ಬಂದ ಇಂಗ್ಲಿಷ್ ಸೂಚನೆ ಕೇಳಿ ತಂದು ಡಿಕ್ಷನರಿ ಇಟ್ಕೊಂಡು ಓದಿದೆ. ಒಂದು ಕಡೆ ನೀರು ಸೋಕಿಸಲೇಬೇಡಿ ಅಂತಿದೆ. ಇನ್ನೊಂದು ಕಡೆ ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರು ಅಂತಿದೆ. ಎರಡೂ ಒಂದೇ ಹಾಳೆಯಲ್ಲಿ! ನಮ್ಮ ಕೆಮಿಸ್ಟ್ರಿ ಸಾರ್‌ನ ಕೇಳಿದರೆ "ಸಿಲೇನ್ ನಿಮಗೆ ಸಿಲಬಸ್‌ನಲ್ಲಿಲ್ಲ" ಅಂದ್ರು. ಇದರಲ್ಲಿ ಯಾವುದು ಸರಿ, ನಿಮ್ಮ ಸಾರ್ ಯಾರನ್ನಾದರೂ ಕೇಳಿ ಬರಿ.

ಕಣ್ಣು ಬರುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲವಂತೆ. ಅಕ್ಕನಿಗೆ ಈ ತಿಂಗಳ ಕೊನೆಗೋ ಮುಂದಿನ ತಿಂಗಳೋ ಹೆರಿಗೆ. ಭಾವ ನನ್ನ ಕೈ ಹುಡುಕಿ ಹಿಡ್ಕೊಂಡು, "ಪೂಜೆ ಚೆನ್ನಾಗಾಯ್ತು ಅಂತ ಬರಿ. ಹೆರಿಗೆ ಆಗೋವರೆಗೂ ಅವಳಿಗೆ ಗೊತ್ತಾಗಬಾರದು" ಅಂದರು. ಎಲ್ಲಕ್ಕಿಂತ ಹೆಚ್ಚು ಅಂದ್ರೆ, ಅವರಿಗೆ ತೊಳೆಯೋ ಕೆಲಸ ಯಾಕೆ ಬಂತು ಅನ್ನೋದು ಅವಳಿಗೆ ಯಾವತ್ತೂ ಗೊತ್ತಾಗಬಾರದು. ಅದು ಭಾವ ಹೇಳಿದ್ದಲ್ಲ, ನಾನು ಹೇಳ್ತಿರೋದು.

ದುಂಡೇಶ


ವಿಜಯನಗರ
12 ಅಕ್ಟೋಬರ್ 2003, ಭಾನುವಾರ

ಅಕ್ಕ,

ಆಯುಧಪೂಜೆ ಚೆನ್ನಾಗಾಯ್ತು. ಪುಳಿಯೋಗರೆ ಕೊಟ್ಟರು. ಕುಂಬಳಕಾಯಿ ಅಮೀನಪ್ಪಣ್ಣ ಒಡೆದರು, ಭಾವ ಮುಟ್ಟಲಿಲ್ಲ. ನೀನು ಹೇಳಿದ ಹಾಗೇ ಆಯ್ತು.

ಭಾವಗೆ ಸ್ವಲ್ಪ ಕಣ್ಣು ಬೇನೆ. ಊರಲ್ಲೆಲ್ಲ ಇದೆ. ಅಂಟು ಅಂತ ಡಾಕ್ಟರ್ ಎಲ್ಲೂ ಹೋಗಬೇಡ ಅಂದಿದಾರೆ. ಮಲೇಬೆನ್ನೂರಿಂದ ನಿಮ್ಮ ಅತ್ತೆ ಬಂದು ಅಡುಗೆ ಮಾಡಿ ಹಾಕ್ತಿದಾರೆ. ನಾನೂ ಕೆಲವು ದಿನ ದೀಪಾಂಜಲಿ ನಗರದ ಮನೆಯಲ್ಲೇ ಮಲಗ್ತೀನಿ, ಅಲ್ಲಿ ಓದೋಕೆ ಚೆನ್ನಾಗಿದೆ.

ಇಲ್ಲಿ ಮಳೆ. ಅಲ್ಲಿ ಮಳೆನಾ?

ದುಂಡೇಶ


ಧಾರವಾಡ
20-10-03

ಏ ದುಂಡ,

ನಿನ್ನ ಹೋಂವರ್ಕ್ ಕಾಪಿ ಮಾಡಿ ನಾನು ಫೇಲಾಗಿದ್ದೆ, ಯಾವ ಋಣಾನೂ ಇಲ್ಲ. ಆದರೂ ನಮ್ಮ ಮೇಷ್ಟ್ರನ್ನ ಕೇಳಿದೆ.

ಎರಡೂ ಸರಿ ಕಣೋ. ಡ್ರಮ್ಮಿನ ತಳದಲ್ಲಿ ಸಿಲೇನ್ ಜಾಸ್ತಿ, ಮೊದಲು ಬಿದ್ದ ನೀರು ಕಮ್ಮಿ, ಜಾಗ ಇಕ್ಕಟ್ಟು. ಕಾದು, ಗ್ಯಾಸ್ ಆಗಿ, ಸಿಡಿಯುತ್ತೆ. ಕಣ್ಣಲ್ಲಿ ಬಿದ್ದಿರೋದು ಕೆಲವು ಹನಿ. ಕಣ್ಣೀರಿನ ಪಸೆ ಸಿಕ್ಕಿ ಅದು ಆಗಲೇ ಆ್ಯಸಿಡ್ ಆಗಿಬಿಟ್ಟಿರುತ್ತೆ. ಒರೆಸಿದರೆ ಇನ್ನೂ ಉಜ್ಜಿದ ಹಾಗೆ. ಅದನ್ನ ಕೊಚ್ಚಿಕೊಂಡು ಹೋಗೋಕೆ ಕಾಲು ಗಂಟೆಯಾದರೂ ಬಿಡದೆ ನೀರು ಹರಿಸಬೇಕು. ಸ್ವಲ್ಪ ನೀರು ಉರಿಸುತ್ತೆ, ಬೇಕಾದಷ್ಟು ನೀರು ತೊಳೆಯುತ್ತೆ. ಆಮೇಲೆ ಉಸಿರಾಟ ನೋಡ್ಕೊಳ್ಳಿ ಅಂದ್ರು, ಹೊಗೆ ಕುಡಿದಿದ್ದರೆ ಎದೆಗೆ ಒಂದೆರಡು ದಿನ ಬಿಟ್ಟು ತೊಂದರೆ ಬರಬಹುದಂತೆ. ಅದು ಬಂದಿಲ್ಲ ತಾನೆ?

ಅಕ್ಕನಿಗೆ ಹೇಳು ಮಗಾ. ನಿನಗೆ ಸುಳ್ಳು ಬರೆಯೋಕೆ ಬರಲ್ಲ.

ಅರುಣ


ಹರಿಹರ
17-11-2003

ದುಂಡೇಶಾ,

ಹೆಣ್ಣು ಮಗು ಅಂತ ಫೋನಿನಾಗ ಗೊತ್ತಾಗೇತಿ ನಿಮಗ. ಈ ಪತ್ರ ಅದನ್ನ ಹೇಳಾಕಲ್ಲ.

ನಿಮ್ಮ ಭಾವ ದಿನಾ ಬೂತಿನಿಂದ ಪಕ್ಕದ ಮನಿಗೆ ಫೋನ್ ಮಾಡ್ತಾರ. ಮಗು ಬಣ್ಣ ಹೆಂಗೈತಿ, ಮೂಗು ಯಾರಂಗೈತಿ, ಕೂದಲು ಎಷ್ಟೈತಿ ಅಂತ ಒಂದೊಂದೇ ಕೇಳ್ತಾರ. ನಿನ್ನೆ ಕೇಳಿದ್ದನ್ನೇ ಇವತ್ತೂ ಕೇಳ್ತಾರ. "ಬಂದು ನೋಡ್ರಿ" ಅಂದ್ರ ಫೋನ್ ಇಟ್ಟುಬಿಡ್ತಾರ. ಕಣ್ಣು ಬೇನೆ ಇಷ್ಟು ದಿನ ಇರ್ತೈತೇನೋ? ಹೆಣ್ಣು ಹುಟ್ಟಿತು ಅಂತ ಬೇಜಾರೋ, ಅಲ್ಲಿ ಬ್ಯಾರೆ ಏನಾರ ಐತೋ? ಏನೇನೋ ತಲಿಗೆ ಬರ್ತೈತಿ. ಬಾಣಂತಿ ತಲಿ, ಬಂದಿದ್ದು ಹೋಗಂಗಿಲ್ಲ.

ಮೊನ್ನೆ ಅತ್ತೆ ಬಂದಿದ್ರು. ಬಾಗಿಲಾಗ ನಿಂತು ಕೂಸನ್ನ ನೋಡಿದ್ರು. ಎತ್ತಿಕೊಳ್ಳಲಿಲ್ಲ. ನಾನು ಉಡಿಯಾಗ ಹಾಕಾಕ ಹೋದ್ರ "ಇರ್ಲಿ ಇರ್ಲಿ" ಅಂದ್ರು. ಅಡುಗೆಮನಿಯಾಗ ಅವ್ವನ ಹತ್ರ "ಎಂಥ ಕಾಲ್ಗುಣ ತಂದೈತವ್ವ ಇದು" ಅಂದಿದ್ದು ನನಗ ಕೇಳಿಸ್ತು. ಅವ್ವನ್ನ ಕೇಳಿದ್ರ ಅವ್ವಗೂ ಏನೂ ಗೊತ್ತಿಲ್ಲ.

ಎಂಥ ಕಾಲ್ಗುಣ? ಈ ಕೂಸು ಬಂದು ಏನು ಕೆಡಿಸೇತಿ? ಇನ್ನೂ ಸರಿಯಾಗಿ ಕಣ್ಣೇ ಬಿಡಂಗಿಲ್ಲ ಅದು.

ನಿನ್ನ ಭಾವ ಹೇಳಂಗಿಲ್ಲ, ಅತ್ತೆ ಹೇಳಂಗಿಲ್ಲ. ನೀನು ಹೇಳು.

ಶಿಲ್ಪಾ


ದೀಪಾಂಜಲಿ ನಗರ
23 ನವೆಂಬರ್ 2003, ಭಾನುವಾರ

ಅಕ್ಕ,

ನಿನ್ನ ಪತ್ರ ಭಾವಗೆ ಓದಿ ಹೇಳಿದೆ. ಅತ್ತೆಯ ಮಾತು ಬಂದಾಗ ಸುಮ್ಮನೆ ದಾಟಿಬಿಡೋಣ ಅಂದುಕೊಂಡೆ, ಆದರೆ ನಿಂತುಬಿಟ್ಟೆ, ಅವರಿಗೆ ಗೊತ್ತಾಯ್ತು. "ಏನು ಬಿಟ್ಟೆ, ಓದು" ಅಂದರು. ಓದಿದೆ. ಆಮೇಲೆ "ಬರಿ. ಎಲ್ಲ ಬರಿ. ಮಗುವಿನ ತಲೆ ಮೇಲೆ ಇದು ಕೂರಬಾರದು" ಅಂದರು.

ಆಯುಧಪೂಜೆ ದಿನ ಸಿಲೇನ್‌ನ ಖಾಲಿ ಡ್ರಮ್ ತೊಳೆಯೋಕೆ ಹೋಗಿ ಅದು ಸಿಡಿದು ಭಾವನ ಕಣ್ಣಿಗೆ ಬಿತ್ತು. ಅದು ಕಣ್ಣು ಬೇನೆ ಅಲ್ಲ. ಬಲಗಣ್ಣಿಗೆ ಹತ್ತಿರ ಹಿಡಿದರೆ ಮಸುಕಾಗಿ ಕಾಣುತ್ತೆ, ವಾರ ವಾರ ಸ್ವಲ್ಪ ಸ್ವಲ್ಪ ಸುಧಾರಿಸ್ತಿದೆ. ಎಡಗಣ್ಣಿನ ಕರಿಗುಡ್ಡೆ ಮೇಲೆ ಬಿಳಿ ಕಟ್ಟಿದೆ. ಬೆಳಕು ಗೊತ್ತಾಗುತ್ತೆ, ಅಷ್ಟೇ. ದಾನ ಬಂದ ಕಣ್ಣಿನ ಕಾರ್ನಿಯಾ ಅನ್ನೋ ಮೇಲ್ಪದರ ಹಾಕಬೇಕಾಗಬಹುದು, ಕಾಯಬೇಕು ಅಂತಾರೆ. ಆಗಿದ್ದು ಇಷ್ಟು. ಸುಳ್ಳು ಬರೆದೆ. ನೀನು ಬೈದರೆ ಬೈಸಿಕೊಳ್ತೀನಿ.

ಈಗ ಕಾಲ್ಗುಣದ್ದು. ಮಗು ಹುಟ್ಟಿದ್ದು ನವೆಂಬರ್‌ನಲ್ಲಿ, ಡ್ರಮ್ ಸಿಡಿದಿದ್ದು ಅಕ್ಟೋಬರ್‌ನಲ್ಲಿ. ಹುಟ್ಟದೇ ಇರೋರಿಗೆ ಕಾಲೇ ಇಲ್ಲವಲ್ಲ ಅಂತ ವಾದ ಮಾಡಬಹುದು, ಆದರೆ ಹೊಟ್ಟೆಯಲ್ಲಿತ್ತಲ್ಲ ಅಂತಾರೆ ಅವರು. ಅದಕ್ಕೆ ನನಗೆ ಗೊತ್ತಿರೋದನ್ನ ನೆಟ್ಟಗೆ ಬರೀತೀನಿ, ಅತ್ತೆಗೂ ಓದಿ ಹೇಳು.

ಸಿಲೇನ್ ಡ್ರಮ್ ಖಾಲಿ ಆದ್ರೂ ಖಾಲಿ ಅಲ್ಲ. ತಳದಲ್ಲಿ, ಅಂಚಲ್ಲಿ ಉಳಿದಿರುತ್ತೆ. ಅದಕ್ಕೆ ನೀರು ಬಿಟ್ಟರೆ ಯಾರು ಬಿಟ್ಟರೂ ಸಿಡಿಯುತ್ತೆ. ಹೆಂಡತಿ ಬಸುರಿ ಇರೋರು ಬಿಟ್ಟರೂ, ಮದುವೆನೇ ಆಗದವರು ಬಿಟ್ಟರೂ. ಸಿಲೇನ್‌ಗೆ ಮನುಷ್ಯರ ಮನೆಯ ಸುದ್ದಿ ಏನೂ ಗೊತ್ತಿಲ್ಲ. ಬಿದ್ದ ತಕ್ಷಣ ಕಣ್ಣಿಗೆ ನೀರು ಹರಿಸಿದ್ದರೆ ಇಷ್ಟು ಆಗ್ತಿರಲಿಲ್ಲ. ಮುನಿತಾಯಮ್ಮ ಬಿಂದಿಗೆ ತಂದಿದ್ದರು. ನಾವೇ ಹಾಕಗೊಡಲಿಲ್ಲ. ಅದರ ಸೂಚನೆ ಇಂಗ್ಲಿಷ್‌ನಲ್ಲಿತ್ತು, ಯಾರೂ ಓದಿರಲಿಲ್ಲ. ಡ್ರಮ್ ತೊಳೆಯೋ ಕೆಲಸ ಆ ದಿನ ಭಾವನ ಪಾಲಿಗೆ ಬಂದಿತ್ತು. ಇದಿಷ್ಟರಲ್ಲಿ ಕೂಸು ಎಲ್ಲೂ ಇಲ್ಲ.

ಹೋದ ವಾರ ಶೆಡ್ಡಿನ ಗೋಡೆ ಮೇಲೆ ಕನ್ನಡದಲ್ಲಿ ಬೋರ್ಡ್ ಬರೆದೆ. "ಸಿಲೇನ್ ಡ್ರಮ್ಮಿಗೆ, ಖಾಲಿ ಇದ್ದರೂ, ನೀರು ಬಿಡಬೇಡಿ. ಹತ್ತಿರ ಕರ್ಪೂರ, ಬೀಡಿ ಬೇಡ. ಕನ್ನಡಕ, ಗ್ಲೌಸ್ ಇಲ್ಲದೆ ಮುಚ್ಚಳ ತೆಗೆಯಬೇಡಿ. ಕಣ್ಣಿಗೆ, ಮೈಗೆ ಬಿದ್ದರೆ ಕೂಡಲೇ ನೀರು ಹರಿಸಿ, ನಿಲ್ಲಿಸಬೇಡಿ." ಜಗನ್ನಾಥ್ ಸಾರ್ ಓದಿ, "ಏನಯ್ಯ, ಮೇಲೆ ನೀರು ಬೇಡ ಅಂತೀಯ, ಕೆಳಗೆ ನೀರು ಹಾಕು ಅಂತೀಯ, ಹುಡುಗರು ಕನ್ಫ್ಯೂಸ್ ಆಗಲ್ವಾ?" ಅಂದರು. "ಆಗಲಿ ಸಾರ್, ಆಗಿ ನಿಮ್ಮನ್ನ ಕೇಳಲಿ" ಅಂದೆ. ಹೇಗೆ ಹಾಗಂದೆನೋ ಗೊತ್ತಿಲ್ಲ. ಅವರು ಬೋರ್ಡಿನ ಪಕ್ಕ ಒಂದು ನಲ್ಲಿ ಹಾಕಿಸಿದರು.

ದುಂಡೇಶ


ಹರಿಹರ
3-12-2003

ದುಂಡೇಶಾ,

ಬೈಯಾಕ ಕೂತೆ. ಎರಡು ಹಾಳೆ ಬೈದು ಬರದೆ, ಹರಿದೆ. ಇದು ಮೂರನೇದು.

ಅತ್ತೆಗೆ ಹೇಳಿ ಕಳಿಸಿದೆ, ಬಂದ್ರು. ನಿನ್ನ ಪತ್ರ ಓದಿದೆ. ಸಿಲೇನ್ ಅಂತ ನಾಲಿಗಿ ಹೊರಳಲಿಲ್ಲ, ಅದನ್ನ "ಆ ಎಣ್ಣೆ" ಅಂತ ಮಾಡಿ ಓದಿದೆ. ಪೂರ್ತಿ ಕೇಳಿದ್ರು.

"ಅಂದ್ರ ಕೂಸಿಂದಲ್ಲ?"

"ಅಲ್ಲರೀ ಅತ್ತೆ."

"ಹಂಗಂತ ಬರದೈತೇನು ಅದ್ರಾಗ?"

"ಬರದೈತಿ."

"ಇನ್ನೊಂದ್ಸಲ ಓದು."

ಓದಿದೆ. ಆಮೇಲೆ ಸೆರಗು ಬಾಯಿಗೆ ಇಟ್ಕೊಂಡು ಮಗನ ಹೆಸರು ಹಿಡಿದು ಅತ್ರು. ನಾನೂ ಅತ್ತುಬಿಟ್ಟೆ. ಮರುದಿನ ಬೆಳಿಗ್ಗಿ ನಾನು ಏಳೋದರಾಗ ಬಚ್ಚಲದಾಗ ಕಾಲು ಚಾಚಿ ಮಣೆ ಮ್ಯಾಲೆ ಕುಂತಿದ್ರು. "ತಾ ಇಲ್ಲಿ, ನಿಮ್ಮವ್ವಗ ಕೂಸಿಗೆ ನೀರು ಹಾಕಾಕ ಬರಂಗಿಲ್ಲ, ಬೆನ್ನಾಗ ಮಣ್ಣು ಹಂಗೇ ಐತಿ" ಅಂದ್ರು. ಅವ್ವ ಸಿಟ್ಟಾಗಲಿಲ್ಲ. ಒಲಿಗೆ ಇನ್ನೆರಡು ಕಟ್ಟಿಗೆ ಹಾಕಿದ್ಲು.

ಡ್ರಮ್ ತೊಳೆಯೋ ಕೆಲಸ ನಿಮ್ಮ ಭಾವನ ಪಾಲಿಗೆ ಯಾಕ ಬಂತು ಅಂತ ನೀನು ಬರೀಲಿಲ್ಲ. ನನಗ ಗೊತ್ತಾತು. ಅದನ್ನ ಅತ್ತೆಗೆ ಹೇಳಲಿಲ್ಲ. ನಿಮ್ಮ ಭಾವಗೂ ನೀನು ಹೇಳಬ್ಯಾಡ, ನನಗ ಗೊತ್ತು ಅನ್ನೋದನ್ನ. ಅದು ನನ್ನ ಹತ್ರ ಇರ್ಲಿ. ಆ ಎಣ್ಣೆಗೆ ಮನುಷ್ಯರ ಮನಿ ಸುದ್ದಿ ಗೊತ್ತಿಲ್ಲ ಅಂತ ಬರದೀಯಲ್ಲ, ಅದನ್ನ ರಾತ್ರಿ ನಾನೊಬ್ಬಳೇ ಓದ್ಕೊಂತೀನಿ. ಇನ್ನೂ ನಂಬಿಕಿ ಬಂದಿಲ್ಲ. ಬರ್ತೈತಿ ಅನ್ಸತೈತಿ.

ಐದು ತಿಂಗಳು ತುಂಬೋತನಕ ಬಾಣಂತಿ ಹೊಳೆ ದಾಟಬಾರದು ಅಂತ ಅವ್ವನ ಹಟ. ನಾನು ಇರಂಗಿಲ್ಲ. ಬರೋ ವಾರ ಅತ್ತೆ ಜೊತೆ ರೈಲಿಗೆ ಬರ್ತೀನಿ. ನೀನು ಸ್ಟೇಷನ್ನಿಗೆ ಬಾ, ಭಾವನ್ನೂ ಕರ್ಕೊಂಡು ಬಾ. ಜನದಾಗ ಅವರ ಕೈ ಬಿಡಬ್ಯಾಡ. ಎಷ್ಟು ಕಾಣ್ತೈತಿ ಅಂತ ನಾನು ಅಲ್ಲಿ ಕೇಳಂಗಿಲ್ಲ, ನೀನೂ "ಅಗೋ ಅಲ್ಲಿ" ಅಂತ ಕೈ ಮಾಡಿ ತೋರಿಸಬ್ಯಾಡ. ನಮ್ಮ ಕೂಸು ಭಾಳ ಜೋರು ಅಳ್ತೈತಿ. ಅದು ಎಲ್ಲೈತಿ ಅಂತ ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಅಕ್ಕ